ಸಹಾಯ ಬೇಕು: ಎಂ.ಎಸ್ಸಿ. ಪ್ರಬಂಧ, ಕೆರೆದಂಡೆಯ ಪಾಠ, ಸಿಯಾಟಲ್‌ನ ಹುಡುಗ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಸಸ್ಯಶಾಸ್ತ್ರ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಶನಿವಾರ, ಭಾನುವಾರ ಬೆಳಿಗ್ಗೆ 7ಕ್ಕೆ ಮಕ್ಕಳನ್ನು ಕಟ್ಟಿಕೊಂಡು ಸಾಧನಕೆರೆಯ ಸುತ್ತ ಗಿಡಮರಗಳ ಪಾಠ ಮಾಡುತ್ತೇನೆ. ನಿಶ್ಚಿತಾರ್ಥವಾದ ಹುಡುಗ ಸಿಯಾಟಲ್‌ನಲ್ಲಿದ್ದಾರೆ. ಅವರಿಗೆ ಫೋನಿನಲ್ಲಿ ಮಾತಾಡಲು ಬಿಡುವಾಗುವುದು ಶುಕ್ರವಾರ ಸಂಜೆ 6.30ಕ್ಕೆ, ಇಲ್ಲಿ ಆಗ ಸರಿಯಾಗಿ ಶನಿವಾರ ಬೆಳಿಗ್ಗೆ 7! ನವೆಂಬರ್ ಮೊದಲ ಭಾನುವಾರ ಅಲ್ಲಿ ಬೇಸಿಗೆಯ ಸಮಯ ಮುಗಿದು ಗಡಿಯಾರ ಒಂದು ಗಂಟೆ ಹಿಂದೆ ಸರಿದರೆ ಹನ್ನೆರಡೂವರೆ ಗಂಟೆಯ ಅಂತರ ಹದಿಮೂರೂವರೆಯಾಗುತ್ತದೆ.

ಮಕ್ಕಳ ಪಾಠ ಬಿಟ್ಟುಬಿಡು ಎನ್ನುವವರೇ ಹೆಚ್ಚು. ದಯವಿಟ್ಟು ಆ ಸಲಹೆ ಬೇಡ. ಮೊನ್ನೆ ಕಕ್ಕೆಯ ಒಣಗಿದ ಕೋಡನ್ನು ಒಡೆದ ಹುಡುಗಿಯೊಬ್ಬಳು ಒಳಗಿನ ಅಡ್ಡಗೋಡೆಗಳನ್ನು ಬೆರಳಿನಿಂದ ಎಣಿಸುತ್ತಾ, ‘ಅಕ್ಕಾ, ಒಂದೊಂದು ಬೀಜಕ್ಕೂ ಬೇರೆ ಕೋಣೆ ಏಕೆ?’ ಎಂದಳು. ನಮ್ಮ ಸೆಮಿನಾರುಗಳಲ್ಲಿ ಇಂಥ ಪ್ರಶ್ನೆ ಯಾರೂ ಕೇಳುವುದಿಲ್ಲ.

ಮರಗಳ ಋತುಬದಲಾವಣೆಯನ್ನು ಜನಸಾಮಾನ್ಯರೇ ದಾಖಲಿಸುವ ‘ಸೀಸನ್‌ವಾಚ್’ ಯೋಜನೆಯಲ್ಲಿ ಮಾಡುವಂತೆ, ಒಂದೇ ಮರದ ಚಿಗುರು, ಹೂವು, ಕಾಯಿಗಳನ್ನು ವಾರವಾರವೂ ಮಕ್ಕಳಿಂದ ಬರೆಸುತ್ತಿದ್ದೇನೆ. ಇಂಥ ದಾಖಲೆಯನ್ನು ಪ್ರಬಂಧಕ್ಕೆ ಬಳಸಿಕೊಂಡವರು ಇದ್ದೀರಾ? ಮಾರ್ಗದರ್ಶಕರನ್ನು ಹೇಗೆ ಒಪ್ಪಿಸಿದಿರಿ? ಪೋಷಕರ ಒಪ್ಪಿಗೆ ಪತ್ರದ ಕನ್ನಡ ಮಾದರಿ ಇದ್ದರೆ ಕಳುಹಿಸಿ.

ಹುಬ್ಬಳ್ಳಿ-ಧಾರವಾಡದವರು ಯಾರಾದರೂ ತಿಂಗಳಿಗೆ ಎರಡು ಶನಿವಾರ ಪಾಠ ವಹಿಸಿಕೊಳ್ಳಬಲ್ಲಿರಾ? ಮರಗಳ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಮಕ್ಕಳೇ ಹೇಳಿಕೊಡುತ್ತಾರೆ. ತಾಳ್ಮೆ ಮಾತ್ರ ಬೇಕು.

ಇನ್ನೊಂದು ವಿಷಯ. ಭಾವಿ ಅತ್ತೆಯವರು ಮುಹೂರ್ತ ಗೊತ್ತುಮಾಡಲು ಅವಸರ ಮಾಡುತ್ತಿದ್ದಾರೆ. ಪ್ರಬಂಧದ ಮೌಖಿಕ ಪರೀಕ್ಷೆಯ ದಿನಾಂಕವೇ ಇನ್ನೂ ಬಂದಿಲ್ಲ. ಹಿರಿಯರ ಮನಸ್ಸು ನೋಯದಂತೆ ಇದನ್ನು ಯಾರು ಹೇಳಬೇಕು, ನಾನೋ ಅವರ ಮಗನೋ?