ಅಪ್‌ಡೇಟ್: ನಿಕಲ್ ಕ್ಯಾಟಲಿಸ್ಟ್ ಮತ್ತು ಮೀಥೇನ್

ನಿಕಲ್ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಬಳಸಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್‌ನಿಂದ ಮೀಥೇನ್ ತಯಾರಿಸುತ್ತಿದ್ದೇವೆ. ರಿಯಾಕ್ಟರ್ ತಣ್ಣಗಾಗುವಾಗ ಕಾರ್ಬನ್ ಮೊನಾಕ್ಸೈಡ್ ಹರಿಯುತ್ತಲೇ ಇರಬಹುದಾ ಅಂತ ಹಿಂದೆ ಕೇಳಿದ್ದೆ. ಖಂಡಿತ ಬೇಡ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆ ಅನಿಲ ನಿಕಲ್ ಜೊತೆ ಸೇರಿ ನಿಕಲ್ ಕಾರ್ಬೊನಿಲ್ ಆಗುತ್ತದೆ. ಕ್ಯಾಟಲಿಸ್ಟ್‌ನಲ್ಲಿರುವ ನಿಕಲ್ಲನ್ನೇ ಅದು ಹೊತ್ತೊಯ್ಯುತ್ತದೆ. ಮೇಲಾಗಿ ಭಾರೀ ವಿಷ.

ಬೆಂಗಳೂರಿನ ನಮ್ಮ ಲ್ಯಾಬ್‌ನಲ್ಲಿ ಈಗ ಮೊದಲು ಹೈಡ್ರೋಜನ್ ಹರಿಸಿ ಕಾಯಿಸುತ್ತೇವೆ. ಹಸಿರು ಛಾಯೆಯ ಕ್ಯಾಟಲಿಸ್ಟ್ ಪುಡಿ ಕಪ್ಪಾಗುವುದನ್ನು ನೋಡೋಕೇ ಖುಷಿ. 250 ಡಿಗ್ರಿ ದಾಟಿದ ಮೇಲೇ ಕಾರ್ಬನ್ ಮೊನಾಕ್ಸೈಡ್. ನಿಲ್ಲಿಸುವಾಗ, ಬಿಸಿ ಇರುವಾಗಲೇ ಅದನ್ನು ಮುಚ್ಚಿ ನೈಟ್ರೋಜನ್ ಬಿಡುತ್ತೇವೆ.

ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ) ಬೆಡ್ ಒಳಗೇ, ಅಂದರೆ ಕ್ಯಾಟಲಿಸ್ಟ್ ಪುಡಿಯ ಪದರದೊಳಗೇ ಇರಲಿ ಅಂದಿದ್ದಿರಲ್ವಾ, ಅದೂ ಸರಿ. ಮೀಥೇನ್ ಆಗುವ ಈ ಕ್ರಿಯೆಯಲ್ಲಿ ಮೋಲ್‌ಗೆ ಸುಮಾರು 206 ಕಿಲೋಜೂಲ್ ಶಾಖ ಹೊರಬರುತ್ತದೆ. ಫರ್ನೇಸ್ ತೋರಿಸುವುದಕ್ಕಿಂತ ಬೆಡ್ ಜಾಸ್ತಿ ಬಿಸಿ ಇರುತ್ತದೆ. ಶಾಖ ಮಿತಿಮೀರಿದರೆ ನಿಕಲ್ ಕಣಗಳು ಒಂದಕ್ಕೊಂದು ಅಂಟಿ ದೊಡ್ಡದಾಗುತ್ತವೆ, ಕೆಲಸ ಮಾಡುವ ಮೇಲ್ಮೈ ಕಡಿಮೆಯಾಗುತ್ತದೆ.