ಸ್ಲೈಡ್ ಸ್ಕ್ಯಾನ್ ಮಾಡಿದರೆ ಇಂಜಿನ್ನಿನ ಏಣಿಯೇ ಮಾಯ!

ಕುಂಬಳೆಯವ:
ನಮಸ್ಕಾರ. ನನ್ನ ಸೋದರಮಾವ ಗಲ್ಫಿನಲ್ಲಿದ್ದವರು. ರಜೆಗೆ ಬಂದಾಗೆಲ್ಲ ರೈಲಿನ ಫೋಟೊ ತೆಗೆಯುವ ಹುಚ್ಚು. ಚಂದ್ರಗಿರಿ ಹೊಳೆಯ ಸೇತುವೆ, ಮಂಗಳೂರು ಸ್ಟೇಷನ್, ಮೀಟರ್‌ಗೇಜ್ ಇದ್ದಾಗಿನ ಸುಬ್ರಹ್ಮಣ್ಯ ಘಾಟಿ, ಎಲ್ಲ 35 ಎಂಎಂ ಸ್ಲೈಡ್ (ಪುಟ್ಟ ಚೌಕಟ್ಟಿನಲ್ಲಿ ಕೂರಿಸಿದ ಫಿಲ್ಮಿನ ತುಂಡು). ಇನ್ನೂರರ ಹತ್ತಿರ ಉಂಟು.

ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ ಧೂಳು ತೆಗೆಯುವ ಇನ್ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ಆಯ್ಕೆ ಹಾಕಿ ಸ್ಕ್ಯಾನ್ ಮಾಡುತ್ತಿದ್ದೇನೆ. ಬಣ್ಣ ಮಾಸಿ ಕೆಂಪಾದ ಸ್ಲೈಡುಗಳು ಚೊಕ್ಕ ಬರುತ್ತವೆ. ನಿನ್ನೆ ತೆಗೆದ ಹಾಗೆ ಬಣ್ಣ ಉಳಿದವೇ ಹಾಳಾಗುವುದು! ಕಲ್ಲಿದ್ದಲಿನ ಇಂಜಿನ್ನಿನ ಏಣಿ ಮೇಣದ ಹಾಗೆ ಕರಗಿದೆ, ಕಂಬಿ ಅಲ್ಲಲ್ಲಿ ತುಂಡಾಗಿದೆ. ಅಂಗಡಿಯವರು ‘ಸ್ಕ್ಯಾನರ್ ಹೋಯಿತು, ಹೊಸದು ತಗೊಳ್ಳಿ’ ಅಂದರು.

ಹಳಿಪಕ್ಕದ ಮನೆ:
ಸ್ಕ್ಯಾನರಿಗೆ ಎಂತದೂ ಆಗಿಲ್ಲ ಮಾರಾಯ್ರೆ. ಆ ಸ್ಲೈಡನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿಯಿರಿ. ಹೊಳಪು ಕಡಿಮೆ ಇರುವ ಬದಿಯಲ್ಲಿ ಚಿತ್ರ ಸ್ವಲ್ಪ ಉಬ್ಬಿದ ಹಾಗೆ ಕಾಣ್ತದಾ? ಚೌಕಟ್ಟಿನಲ್ಲಿ ಏನು ಬರೆದಿದೆ?

ಕುಂಬಳೆಯವ:
ಹೌದು, ನಾಣ್ಯದ ಮೇಲಿನ ಚಿತ್ರದ ಹಾಗೆ ಉಬ್ಬು ಕಾಣ್ತದೆ! ರಟ್ಟಿನ ಚೌಕಟ್ಟು, ‘ಕೊಡಾಕ್ರೋಮ್’ ಅಂತ ಉಂಟು.

ಹಳಿಪಕ್ಕದ ಮನೆ:
ಅಲ್ಲೇ ಇರುವುದು. ಕೊಡಾಕ್ರೋಮ್ ಅಂದರೆ ಕೊಡಾಕ್ ಕಂಪನಿಯ ಹಳೆಯ ಸ್ಲೈಡ್ ಫಿಲ್ಮ್, ಅದರ ಜಾತಿಯೇ ಬೇರೆ. ಮಾಮೂಲಿ ಕಲರ್ ಫಿಲ್ಮಿನ ಬಣ್ಣಗಳ ಮೂಲಕ ಇನ್ಫ್ರಾರೆಡ್ ಬೆಳಕು ಸಲೀಸಾಗಿ ಹಾದುಹೋಗುತ್ತದೆ. ತಡೆಯುವುದು ಧೂಳು, ಗೀರು ಮಾತ್ರ. ಆ ಜಾಗವನ್ನು ಸಾಫ್ಟ್‌ವೇರ್ ಅಕ್ಕಪಕ್ಕ ನೋಡಿ ತೇಪೆ ಹಾಕುತ್ತದೆ. ಕೊಡಾಕ್ರೋಮಿನಲ್ಲಿ ಚಿತ್ರದ ಕಪ್ಪು ಭಾಗವೂ ಆ ಬೆಳಕನ್ನು ಅಷ್ಟಿಷ್ಟು ತಡೆಯುತ್ತದೆ. ನಿಮ್ಮ ಕರಿ ಇಂಜಿನ್ ಅದರ ಲೆಕ್ಕದಲ್ಲಿ ಒಂದು ದೊಡ್ಡ ಧೂಳು! ಬಣ್ಣ ಉಳಿದದ್ದೂ ಅದು ಕೊಡಾಕ್ರೋಮ್ ಆದ್ದರಿಂದಲೇ. ಕತ್ತಲಲ್ಲಿಟ್ಟ ಕೊಡಾಕ್ರೋಮ್ ಅಷ್ಟು ಸುಲಭಕ್ಕೆ ಮಾಸುವುದಿಲ್ಲ.

ಆ ಆಯ್ಕೆ ತೆಗೆದುಹಾಕಿ. ರಬ್ಬರ್ ಬ್ಲೋವರಿನಿಂದ ಎರಡೂ ಬದಿ ಊದಿ. ಬಾಯಿಂದ ಊದಬೇಡಿ, ಉಗುಳು ಹಾರುತ್ತದೆ. ಉಳಿದ ಚುಕ್ಕೆಗಳನ್ನು ಕಂಪ್ಯೂಟರಿನ ಮುಂದೆ ಕೂತು ಕೈಯಲ್ಲೇ ತೆಗೆಯಬೇಕು. 2400 ಡಿಪಿಐ (ಇಂಚಿಗೆ ಅಷ್ಟು ಬಿಂದು) ಸಾಕು. ಅಗಲಕ್ಕೆ 3400 ಪಿಕ್ಸೆಲ್ ಹತ್ತಿರ ಸಿಗುತ್ತದೆ. ಅದಕ್ಕಿಂತ ಮೇಲೆ ಹೋದರೆ ಹೆಚ್ಚಿನ ಫ್ಲಾಟ್‌ಬೆಡ್ಡುಗಳಲ್ಲಿ ಫೈಲ್ ಮಾತ್ರ ದಪ್ಪವಾಗುತ್ತದೆ.

ಮಳೆಗಾಲ:
ನಡುವೆ ಬಾಯಿ ಹಾಕಿದೆ, ಕ್ಷಮಿಸಿ. ನಮ್ಮ ಕಡೆಯ ಸ್ಲೈಡ್ ಅಂದಮೇಲೆ ಜೇಡರ ಬಲೆಯಂಥ ಬೂಸ್ಟು ಇದ್ದೇ ಇರುತ್ತದೆ ಅಲ್ವಾ? ನೀರು ಮುಟ್ಟಿಸಬೇಡಿ. ಚಿತ್ರ ಹಿಡಿದಿಟ್ಟ ಜೆಲಟಿನ್ ಪದರವನ್ನು ಬೂಸ್ಟು ತಿಂದಿದ್ದರೆ ಅದು ನೀರಿಗೆ ಕರಗಿ ಚಿತ್ರವೇ ಎದ್ದುಬರುತ್ತದೆ, ನನಗೆ ಆಗಿದೆ. ಒರೆಸಲಿಕ್ಕೆ 99% ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಕೋವಿಡ್ ಕಾಲದ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರಿದೆ. ಮೊದಲು ಬೇಡದ ಒಂದು ಸ್ಲೈಡಿನಲ್ಲಿ ನೋಡಿ. ಆಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಕುಂಬಳೆಯವ:
ಆಯ್ಕೆ ತೆಗೆದು ಹನ್ನೆರಡು ಸ್ಲೈಡ್ ಮಾಡಿದೆ. ಏಣಿಯ ಮೆಟ್ಟಿಲು ಎಣಿಸಬಹುದು! ಮಾವ ಮೂಗಿಗೆ ಕನ್ನಡಕ ಏರಿಸಿ ಅರ್ಧ ಗಂಟೆ ಮಾನಿಟರ್ ಬಿಡಲಿಲ್ಲ. ಚುಕ್ಕೆ ತೆಗೆಯುವುದು ಮಾತ್ರ ಒಂದೊಂದಕ್ಕೆ ಇಪ್ಪತ್ತು ನಿಮಿಷ. ಒಂದು ಸಂಶಯ: ಒಂದರಲ್ಲಿ ಇಂಜಿನ್ ನಂಬರ್ ಓದಲಿಕ್ಕೇ ಆಗುವುದಿಲ್ಲ, ಅಂಕೆಗಳೆಲ್ಲ ವಿಚಿತ್ರವಾಗಿವೆ. ಇದೂ ಕೊಡಾಕ್ರೋಮಿನ ಕಾಟವಾ?

ಹಳಿಪಕ್ಕದ ಮನೆ:
ಸ್ಲೈಡ್ ಮಗುಚಿ ಇಟ್ಟಿದ್ದೀರಿ.

ಕುಂಬಳೆಯವ:
ಹೋ!