ಸಹಾಯ ಬೇಕು: ಸ್ವಸಹಾಯ ಸಂಘದ ಕಿರುವಿಡಿಯೊಗೆ ಧ್ವನಿಮುದ್ರಣ ಮತ್ತು ಕನ್ನಡ ಅಡಿಬರಹ

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕಿನ ನಮ್ಮ ಹಳ್ಳಿಯ ಮಹಿಳಾ ಸ್ವಸಹಾಯ ಸಂಘದವರು ಕಾಳುಮೆಣಸು ಮತ್ತು ಏಲಕ್ಕಿಯನ್ನು ಶುಚಿಗೊಳಿಸಿ, ಪೊಟ್ಟಣ ಕಟ್ಟಿ ಹಾಸನದ ಅಂಗಡಿಗಳಿಗೆ ಕೊಡುತ್ತಿದ್ದು, ಆ ಕೆಲಸವನ್ನು ಪರಿಚಯಿಸುವ ನಾಲ್ಕು ನಿಮಿಷಗಳ ವಿಡಿಯೊ ತಯಾರಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಸಂಘ ಒಪ್ಪಿರುವ ಖರ್ಚು 3,000 ರೂಪಾಯಿ. ಕ್ಯಾಮೆರಾ ಎಂದರೆ ನನ್ನ ಮೊಬೈಲೇ.

ಚಿತ್ರದ ತೊಂದರೆ ಬಹುಮಟ್ಟಿಗೆ ಬಗೆಹರಿದಿದೆ. ಸಮುದಾಯ ಭವನದ ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಮಿನುಗುತ್ತಿದ್ದವು. ನಮ್ಮ ವಿದ್ಯುತ್ 50 ಹರ್ಟ್ಜ್ ಆಗಿರುವುದರಿಂದ ಸೆಕೆಂಡಿಗೆ 25 ಫ್ರೇಮ್ ಹಾಗೂ 1/50 ಸೆಕೆಂಡಿನ ಷಟರ್ ವೇಗ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿ) ಇಟ್ಟ ಮೇಲೆ ಅದು ನಿಂತಿತು.

ಕಾಡುತ್ತಿರುವುದು ಧ್ವನಿ. ಸಂಘದ ಹಿರಿಯರು ಮಾತನಾಡುವುದೇ ಮೆಲ್ಲಗೆ. ಮೇಲೆ ತಗಡಿನ ಮಾಡು, ಅದರ ಮೇಲೆ ಮಲೆನಾಡಿನ ಮಳೆ. ಇನ್ನೊಂದು ಮೊಬೈಲಿಗೆ ತಂತಿಯ ಇಯರ್‌ಫೋನ್ ಸಿಕ್ಕಿಸಿ, ಅದರ ಮೈಕನ್ನು ಸೀರೆಯ ಸೆರಗಿಗೆ ಪಿನ್ ಮಾಡಿ ಧ್ವನಿಯನ್ನು ಪ್ರತ್ಯೇಕವಾಗಿ ಮುದ್ರಿಸಿಕೊಂಡು, ಆರಂಭದಲ್ಲಿ ತಟ್ಟಿದ ಚಪ್ಪಾಳೆಯ ಸದ್ದನ್ನು ಹಿಡಿದು ಚಿತ್ರಕ್ಕೆ ಹೊಂದಿಸಬಹುದೆಂದು ಯೋಚಿಸಿದ್ದೇನೆ. ಹೀಗೆ ಮಾಡಿ ನೋಡಿದವರು ಯಾರಾದರೂ ಇದ್ದೀರಾ? ಅಥವಾ ಅರ್ಧ ಹಣವನ್ನು ಕಾಲರ್ ಮೈಕಿಗೇ ಹಾಕುವುದು ಲೇಸೇ? ಮಳೆಯ ಸದ್ದನ್ನು ಆಮೇಲೆ ಆಡಾಸಿಟಿ ಎಂಬ ಧ್ವನಿ ಸಂಕಲನ ತಂತ್ರಾಂಶದಲ್ಲಿ ತಗ್ಗಿಸಲು ಹೋದರೆ ಮಾತೂ ಡಬ್ಬಿಯೊಳಗಿನಿಂದ ಬಂದಂತೆ ಕೇಳಿಸುತ್ತಿದೆ.

ಮತ್ತೊಂದು ವಿಷಯವೆಂದರೆ, ನಾನು ಬಳಸುವ ಸಂಕಲನ ಆ್ಯಪ್‌ನಲ್ಲಿ ಕನ್ನಡ ಅಡಿಬರಹದ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣಿಸುತ್ತಿವೆ. ಅಕ್ಷರಗಳನ್ನು ಬೇರೆಡೆ ಚಿತ್ರವಾಗಿ ಸಿದ್ಧಪಡಿಸಿ ಅಂಟಿಸುವುದನ್ನು ಬಿಟ್ಟು ಸುಲಭದ ಉಪಾಯವಿದ್ದರೆ ದಯವಿಟ್ಟು ತಿಳಿಸಿ. ಹಾಸನದ ಸುತ್ತಮುತ್ತ ಒಂದು ದಿನದ ಮಟ್ಟಿಗೆ ಮೈಕ್ ಎರವಲು ಕೊಡಬಲ್ಲವರಿದ್ದರೆ ನಾನೇ ಬಂದು ಒಯ್ದು, ಮರುದಿನ ಹಿಂದಿರುಗಿಸುತ್ತೇನೆ.